ಮೊದಲನೇ ಗೂಟದ ಕೋಟು

ಅರಿವಿ-ಬಟ್ಟಿ ವಿಷಯದಾಗ ನಮ್ಮ ಮನೆತನಕ್ಕ ಯಾರೂ ಮೋಸ ಮಾಡಾಕ ಸಾಧ್ಯ ಇಲ್ಲ. ಬೆಟಗೇರಿಯಾಗ ನಮ್ಮಪ್ಪಂದು ಅರಿವಿ ಅಂಗಡಿ, ನಮ್ಮ ಅಡ್ಡಹೆಸರೂ ಅಂಗಡಿನ. ಕಣ್ಣು ಮುಚ್ಚಿಕೊಂಡು ಥಾನ ಮುಟ್ಟಿದ್ರ ಸಾಕು, ಇದು ಯಾವ ಊರ ಗಿರಣಿದು, ತೊಳದ ಮ್ಯಾಲ ಎಷ್ಟು ಬೆರಳು ಕುಗ್ಗತೈತಿ ಅಂತ ಹೇಳ್ತಿದ್ದ. ಆ ಗುಣ ನನಗೂ ರಕ್ತದಾಗ ಬಂದೈತಿ ಅಂತ ನಂಬಿದ್ದೆ. ನನ್ನ ಆ ನಂಬಿಕಿ ಎಪ್ಪತ್ತರ ದಶಕ ಮುಗಿಯೂ ಹೊತ್ತಿಗೆ, ಮುಂಡರಗಿ ಕೋರ್ಟಿನ್ಯಾಗ, ಊಟದ ಸೂಟಿ ಮುಗಿದ ಹತ್ತು ನಿಮಿಷದಾಗ ತೀರಿಕೊಂಡಿತು.

ಆಗ ನಾನು ವಕೀಲ ಆಗಿ ಎಂಟು ತಿಂಗಳು, ಮದುವಿ ಆಗಿ ಆರು ತಿಂಗಳು. ಎರಡೂ ಕಡೆ ಇನ್ನೂ ಬಾಯಿ ಬಿಡಾಕ ಅವಕಾಶ ಸಿಕ್ಕಿದ್ದಿಲ್ಲ. ನಮ್ಮ ಹಿರಿಯ ವಕೀಲರು ಗದಗದ ಕುಲಕರ್ಣಿ ರಾಯರು. ಅವರ ಕೇಸಿನ ಕಾಗದದ ಗಂಟು ಹೊತ್ತುಕೊಂಡು ಹಿಂದ ಹೋಗೂದು, ಅವರು ಎದ್ದಾಗ ಏಳೂದು, ಕುಂತಾಗ ಕುಂಡ್ರೂದು, ಇಷ್ಟ ನನ್ನ ವಕೀಲಿ. ಇದನ್ನ ನನ್ನಷ್ಟು ಚಂದ ಮಾಡೂ ಮನುಷ್ಯ ಇಡೀ ಗದಗದಾಗ ಇದ್ದಿಲ್ಲ ಅಂತ ಈಗಲೂ ಎದಿ ತಟ್ಟಿ ಹೇಳತೇನಿ.

ನನ್ನ ಕರೀ ಕೋಟಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅದನ್ನ ಹೊಲಿಸಿದವ ನಮ್ಮಪ್ಪ. ಸಿಂಪಿಗ ನನ್ನ ಅಳತಿ ತಗೋಳಾಕ ಬಂದಾಗ ಅಪ್ಪ ಅವನ ಕೈಯಾಗಿನ ಟೇಪು ಕಸಗೊಂಡು, “ಇವನ ಅಳತಿ ತಗೋಬ್ಯಾಡಪಾ. ವಕೀಲ ಆದ ಮ್ಯಾಲ ಹೊಟ್ಟಿ ಬಂದ ಬರತೈತಿ. ಅದರ ಅಳತಿಗೆ ಹೊಲಿ” ಅಂದ. ಹಿಂಗಾಗಿ ನನಗ ಮುಂದ ಬರಬೇಕಾಗಿದ್ದ ಹೊಟ್ಟಿಯ ಅಳತಿಗೆ ಕೋಟು ತಯಾರಾತು. ಅದರಾಗ ನಾನು ಒಂದು ಮೂಲ್ಯಾಗ ಬಾಡಿಗಿ ಇದ್ದಂಗ ಇದ್ದೆ.

ಯುಗಾದಿ ಮುಗಿದು ಎಂಟು ದಿನ ಆಗಿತ್ತು. ರಾಯರಿಗೆ ಚಳಿಜ್ವರ ಹಿಡೀತು. ಮರುದಿನ ಮುಂಡರಗಿಯಾಗ ಗಂಗವ್ವನ ಸಾಕ್ಷಿ.

ಗಂಗವ್ವ ಡೋಣಿ ಅನ್ನೂ ಊರಾಕಿ. ಗಂಡ ಇಲ್ಲ, ಕಪ್ಪತಗುಡ್ಡದ ಕೆಳಗ ನಾಲ್ಕು ಎಕರೆ ಎರಿ ಹೊಲ ಐತಿ. ಆ ಹೊಲಕ್ಕ ಚಕ್ಕಡಿ ಹೋಗಬೇಕಂದ್ರ ನಿಂಗಪ್ಪ ಅನ್ನಾವನ ಹೊಲದ ಬದುವಿನ ಗುಂಟ ಹೋಗಬೇಕು. ಹಿಂದಿನ ವರ್ಷ ನಿಂಗಪ್ಪ ಆ ದಾರಿಗೆ ಜಾಲಿಮುಳ್ಳು ಬಡದು ಬಂದ್ ಮಾಡಿದ್ದ. ಆ ವರ್ಷ ಗಂಗವ್ವ ಗೊಬ್ಬರ ತಲಿಮ್ಯಾಲ ಹೊತ್ತು, ಅರ್ಧ ಹೊಲ ಬಿತ್ತಿ, ಅರ್ಧ ಬೀಳು ಬಿಟ್ಟಿದ್ಳು. ದಾರಿ ಬಿಡಿಸಿಕೊಡ್ರಿ ಅಂತ ದಾವಾ ಹಾಕಿದ್ಳು. ಕೋರ್ಟಿನ ಬ್ಯಾಸಿಗಿ ಸೂಟಿಗೆ ಮೊದಲ ಇದ್ದದ್ದು ಇದೊಂದ ತಾರೀಖು. ಇದು ತಪ್ಪಿದ್ರ ಸೂಟಿ, ಸೂಟಿ ಮುಗಿಯೂದ್ರಾಗ ಮಳಿ, ಅಲ್ಲಿಗೆ ಈ ವರ್ಷದ ಬಿತ್ತಿಗಿನೂ ಹೋದಂಗ.

ರಾಯರು ಹಾಸಗಿಯಾಗ ಎರಡು ರಗ್ಗು ಹೊದ್ದು ನಡಗಿಕೋತ, “ನೋಡ್ರಿ ಅಂಗಡಿ, ತಾರೀಖು ಮುಂದಕ್ಕ ಹಾಕಿಸಿದ್ರ ಆ ಹೆಣ್ಣುಮಗಳು ಹಾಳಾಗ್ತಾಳ. ನೀವ ಹೋಗ್ರಿ. ಏನೇನು ಕೇಳಬೇಕು ಅಂತ ಈ ಹಾಳಿಮ್ಯಾಲ ಬರದೀನಿ. ಒಂದಾದ ಮ್ಯಾಲ ಒಂದು ಓದಿದ್ರಾತು. ನಿಮ್ಮ ತಲಿ ಉಪಯೋಗ ಮಾಡಬ್ಯಾಡ್ರಿ” ಅಂದ್ರು.

“ಇಲ್ಲರಿ ರಾಯರ, ಒಂಚೂರೂ ಮಾಡೂದಿಲ್ಲ” ಅಂತ ಮಾತು ಕೊಟ್ಟೆ. ಆ ಮಾತು ಮಾತ್ರ ಕಡೀತನಕ ಉಳಿಸಿಕೊಂಡೆ.

ಬೆಳಿಗ್ಗೆ ಹೊಂಟಾಗ ನಮ್ಮಾಕಿ ಶಾಂತಾ ಒಂದು ಯಾದಿ ತಂದು, ರಾಯರ ಹಾಳಿ ಇಟ್ಟಿದ್ದ ಕೋಟಿನ ಕಿಸೆಕ್ಕ ಹಾಕಿದ್ಳು.

“ಮುಂಡರಗಿಗೆ ಹೊಂಟೀರಿ, ಬರೂ ಮುಂದ ಇಷ್ಟು ತರ್ರಿ. ಹುಣಸಿಹಣ್ಣು, ಹವೀಜದ ಕಾಳು, ಒಂದು ಕಡಗೋಲು, ಎರಡು ಕಸಬರಿಗಿ.”

“ಏ, ನಾನು ಇವತ್ತ ನ್ಯಾಯದ ಸಲುವಾಗಿ ಹೋರಾಡಾಕ ಹೊಂಟೀನಿ. ಕಸಬರಿಗಿ ಅಂತೀಯಲ್ಲ.”

“ನ್ಯಾಯ ಮುಗಿದ ಮ್ಯಾಲ ತರ್ರಿ. ಮನಿ ಕಸ ಯಾರು ಹೊಡೀಬೇಕು?” ಅಂದ್ಳು.

ಬಸ್ ಸ್ಟ್ಯಾಂಡಿಗೆ ಬಂದು ಮುಂಡರಗಿ ಬಸ್ ಹತ್ತಿದೆ. ಒಳಗ ನೋಡಿದ್ರ ನಿಂಗಪ್ಪನ ಕಡೆ ವಕೀಲರಾದ ಗೌಡ್ರು ಕಿಡಕಿ ಹತ್ರ ಕುಂತಿದ್ರು. ಅರವತ್ತು ದಾಟಿದ, ದಪ್ಪ ಮೀಸಿಯ, ಹೊಟ್ಟಿ ಇದ್ದ ಮನುಷ್ಯ. ಬಾಜೂ ಸೀಟಿನ ಮ್ಯಾಲ ಟಾವೆಲ್ ಹಾಸಿ ಜಾಗಾ ಹಿಡಿದಿದ್ರು.

“ಬರ್ರಿ ಅಂಗಡಿಯವರ, ಕುಂಡ್ರಿ. ರಾಯರಿಗೆ ಜ್ವರ ಅಂತ ಖಬರ ಬಂತು. ನೀವ ಬರ್ತೀರಿ ಅಂತ ಜಾಗಾ ಹಿಡದೀನಿ.”

ಈಗ ನನ್ನ ಸಿದ್ಧಾಂತದ ಬಗ್ಗೆ ಎರಡು ಮಾತು. ಎದುರಿನ ವಕೀಲ ಅಂದ್ರ ವೈರಿ, ಅವನ ಜೋಡಿ ನಗೂದು ಅಂದ್ರ ಪಕ್ಷಗಾರರಿಗೆ ದ್ರೋಹ ಅಂತ ನಾನು ಯಾವ ಪುಸ್ತಕಾನೂ ಓದದನ ತಿಳಕೊಂಡಿದ್ದೆ. ಅದಕ್ಕ ಸೆಟದು ನಿಂತು, “ಕ್ಷಮಿಸಬೇಕು. ವೃತ್ತಿಧರ್ಮದ ದೃಷ್ಟಿಯಿಂದ ನಾನು ತಮ್ಮ ಪಕ್ಕದಲ್ಲಿ ಆಸೀನನಾಗಲಾರೆ” ಅಂದೆ.

ಗೌಡ್ರು ಒಂದು ಕ್ಷಣ ನನ್ನ ನೋಡಿ, “ಆತು, ಹಂಗಾರ ನಿಂತುಕೋರಿ. ಮುಂದ ಭಾಳ ತೆಗ್ಗು ಅದಾವು, ಗಟ್ಟಿ ಹಿಡಕೋರಿ” ಅಂದ್ರು. ಟಾವೆಲ್ ಮಾತ್ರ ತಗೀಲಿಲ್ಲ. ಗದಗದಿಂದ ಮುಂಡರಗಿ ತನಕ ಖಾಲಿ ಸೀಟಿನ ಮುಂದ ನಾನು ವೃತ್ತಿಧರ್ಮ ಹಿಡಕೊಂಡು ಜೋತಾಡಿದೆ. ಕಂಡಕ್ಟರ್ ಎರಡು ಸಲ ಬಂದು, “ಸಾಹೇಬ್ರ, ಮೂಲವ್ಯಾಧಿ ಏನ್ರಿ?” ಅಂತ ಸಣ್ಣ ದನಿಲೆ ಕೇಳಿದ.

ಮುಂಡರಗಿ ಕೋರ್ಟಿನ್ಯಾಗ ವಕೀಲರು ಕುಂಡ್ರಾಕ ಒಂದು ಹಂಚಿನ ಖೋಲಿ. ಬಾಗಿಲದಿಂದ ಹಿಡದು ಕಡೀ ಮೂಲಿ ತನಕ ಗ್ವಾಡಿಗೆ ಸಾಲಾಗಿ ಕಟಗಿ ಗೂಟ. ಚೈತ್ರದ ಬಿಸಲಿಗೆ ಮೈ ಬೇಯತಿತ್ತು. ನಮ್ಮ ಕೇಸು ಮಧ್ಯಾಹ್ನಕ್ಕ ಅಂತ ತಿಳದ ಮ್ಯಾಲ ಎಲ್ಲಾರೂ ಕೋಟು ಕಳದು ಗೂಟಕ್ಕ ಹಾಕಿದ್ರು. ಗೌಡ್ರು ಬಾಗಿಲ ಹತ್ರ ಮೊದಲನೇ ಗೂಟಕ್ಕ ಹಾಕಿದ್ರು. ನಾನು ಗೊತ್ತಿಲ್ಲದ ಎರಡನೇ ಗೂಟಕ್ಕ ಹಾಕಿದೆ. ಆಮ್ಯಾಲ ನೋಡತೇನಿ, ಗಾಳಿಗೆ ಅವರ ಕೋಟಿನ ತೋಳು ನನ್ನ ಕೋಟಿನ ಹೆಗಲ ಮ್ಯಾಲ ಬಂದು ಬೀಳಾಕತ್ತೈತಿ. ಇದನ್ನ ಗಂಗವ್ವ ನೋಡಿದ್ರ ಏನಂತ ತಿಳಕೊಂಡಾಳು? ಎದ್ದು ಹೋಗಿ ನನ್ನ ಕೋಟು ತಗದು ಕಡೀ ಮೂಲಿ ಗೂಟಕ್ಕ ಹಾಕಿ ಬಂದೆ.

ಊಟದ ಹೊತ್ತಿಗೆ ಗೌಡ್ರು ಬುತ್ತಿ ಬಿಚ್ಚಿದ್ರು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನಿ ಮೊಸರು. ಖೋಲಿ ತುಂಬ ವಾಸನಿ. ಕೋರ್ಟಿನ್ಯಾಗ ಹೊಡದಾಡಿದ ಎಲ್ಲಾ ವಕೀಲರೂ ಸುತ್ತ ಕುಂತು ಒಂದ ಬುತ್ತಿಗೆ ಕೈ ಹಾಕಿದ್ರು. ಅದು ಅಲ್ಲಿಯ ಪದ್ಧತಿ.

“ಅಂಗಡಿಯವರ, ಎರಡು ರೊಟ್ಟಿ ನಿಮ್ಮ ಹೆಸರ್ಲೇ ತಂದೀನಿ, ಬರ್ರಿ” ಅಂತ ಗೌಡ್ರು ಕರದ್ರು.

ನನ್ನ ಹೊಟ್ಟಿ ಹೂಂ ಅಂತು, ಬಾಯಿ ಒಲ್ಲೆ ಅಂತು. ಹೊರಗ ಬಂದು ಬೇವಿನ ಗಿಡದ ಕೆಳಗ ಒಂದು ಬಾಳಿಹಣ್ಣು ತಿನ್ನಾಕತ್ತಿದ್ದೆ. ಅಲ್ಲೇ ಕುಂತಿದ್ದ ಗಂಗವ್ವ ಕೇಳಿದ್ಳು, “ಯಾಕ್ರಿ ವಕೀಲರ, ಒಳಗ ಎಲ್ಲಾರೂ ಉಣ್ಣಾಕತ್ಯಾರ, ನೀವೊಬ್ರ ಹೊರಗದೀರಿ?”

“ಗೌಡ್ರು ನಿಂಗಪ್ಪನ ವಕೀಲರು ಗಂಗವ್ವಾ. ಅವರ ರೊಟ್ಟಿ ನಾನು ಮುಟ್ಟೂದಿಲ್ಲ. ನಿನ್ನ ಸಲುವಾಗಿ.”

ಆಕಿ ನನ್ನ ಮಾರಿ ನೋಡಿದ್ಳು. “ಜಗಳ ನಂದು, ನಿಂಗಪ್ಪಂದು. ನಿಮ್ಮದೂ ಅವರದೂ ಏನೈತಿ? ಹಸದ ಹೊಟ್ಟೀಲೆ ನನ್ನ ಕೇಸು ನಡಸ್ತೀರೇನು? ಹೋಗಿ ಉಣ್ರಿ” ಅಂದ್ಳು.

ಅಷ್ಟು ಸಾದಾ ಮಾತು. ನನ್ನ ತಲಿಯಾಗ ಆಗ ಹೋಗಲಿಲ್ಲ. ಹಳ್ಳಿ ಹೆಣ್ಣುಮಗಳು, ವೃತ್ತಿಧರ್ಮ ಇಕಿಗೇನು ತಿಳೀತೈತಿ ಅಂತ ಒಳಗೊಳಗ ನಕ್ಕು, ಗಿಡಕ್ಕ ಆನಿಕೊಂಡು ಕಣ್ಣು ಮುಚ್ಚಿದೆ. ಉರಿ ಬಿಸಲು, ಬಾಳಿಹಣ್ಣಿನ ಊಟ, ನಿಂತು ಬಂದ ಪ್ರಯಾಣ. ಗೊರಕಿ ಹೊಡದೆ.

ಎಚ್ಚರಾದದ್ದು ಪಟ್ಟೇವಾಲಾ ಕೂಗಿದಾಗ. “ಡೋಣಿ ಗಂಗವ್ವ! ಗಂಗವ್ವನ ವಕೀಲರು!” ಎದ್ದು ಓಡಿದೆ. ಖೋಲಿಗೆ ನುಗ್ಗಿ, ಬಾಗಿಲ ಹತ್ರ ನೇತಾಡತಿದ್ದ ಕೋಟು ಎಳಕೊಂಡು ತೊಟ್ಟುಕೊಂಡು ಜಡ್ಜ್ ಸಾಹೇಬ್ರ ಮುಂದ ಹೋಗಿ ನಿಂತೆ. ನನ್ನ ಕೋಟು ನಾನ ಕಡೀ ಗೂಟಕ್ಕ ಸಾಗಿಸಿದ್ದು ಮರತು ಹೋಗಿತ್ತು. ತೋಳು ಯಾಕೋ ಬೆರಳಿನ ತುದಿ ದಾಟಿ ಇಳಿಬಿದ್ದಿದ್ದು ಕಂಡಿತು. ಅಂಜಿಕಿಗೆ ಮನುಷ್ಯ ಕುಗ್ಗತಾನ ಅಂತ ಕೇಳಿದ್ದೆ, ಇಷ್ಟು ಜಲ್ದಿ ಕುಗ್ಗತಾನ ಅಂತ ಗೊತ್ತಿದ್ದಿಲ್ಲ. ಅರಿವಿ ಮುಟ್ಟಿ ಗಿರಣಿ ಹೆಸರು ಹೇಳೂ ಮನೆತನದವ ನಾನು. ಇಡೀ ಕೋಟು ಮೈಮ್ಯಾಲ ಹಾಕ್ಕೊಂಡು ನಿಂತರೂ ಅದು ಬ್ಯಾರೇದವರದು ಅಂತ ಗೊತ್ತಾಗಲಿಲ್ಲ.

ಗೌಡ್ರು ನನ್ನ ಹಿಂದನ ಬಂದು ಕುಂತ್ರು. ಅವರೂ ಖೋಲ್ಯಾಗ ಉಳದಿದ್ದ ಒಂದ ಕೋಟು ತೊಟ್ಟುಕೊಂಡು ಬಂದಿದ್ರು. ನಮ್ಮಪ್ಪ ಹೊಲಿಸಿದ ಹೊಟ್ಟಿ ಅವರಿಗೆ ಬರೋಬ್ಬರಿ ಕುಂತಿತ್ತು.

ಗಂಗವ್ವ ಸಾಕ್ಷಿ ಕಟಕಟ್ಯಾಗ ಬಂದು ಪ್ರಮಾಣ ಮಾಡಿದ್ಳು. ನಾನು ಕಿಸೆಕ್ಕ ಕೈ ಹಾಕಿದೆ. ಹಾಳಿ ಸಿಕ್ಕಿತು. ಬಿಚ್ಚಿದೆ. ಸಾಲಾಗಿ ಪ್ರಶ್ನೆ. ಅಕ್ಷರ ಮಾತ್ರ ರಾಯರ ಅಕ್ಷರದಂಗ ಇದ್ದಿಲ್ಲ. ಪಾಪ, ಜ್ವರದಾಗ ಬರದಾರ, ಕೈ ನಡಗಿರಬೇಕು ಅಂತ ಮರುಗಿದೆ. ಆಮ್ಯಾಲ ಗಂಟಲು ಸರಿಮಾಡಿಕೊಂಡು, ಕೋರ್ಟು ನಡಗೂ ದನಿಲೆ ಮೊದಲನೇ ಪ್ರಶ್ನೆ ಓದಿದೆ.

“ಹಳ್ಳದ ಕಡೆಯಿಂದ ನಿನ್ನ ಹೊಲಕ್ಕೆ ಇನ್ನೊಂದು ದಾರಿ ಇದೆ. ಅದನ್ನು ಬೇಕಂತಲೇ ಮುಚ್ಚಿಟ್ಟಿದ್ದೀ. ಹೌದೋ ಅಲ್ಲೋ?”

ಗಂಗವ್ವ ಕಣ್ಣು ಪಿಳಿಪಿಳಿ ಮಾಡಿದ್ಳು. “ಯಾವ ದಾರಿರಿ? ಮೊನ್ನಿ ರಾಯರ ಮನಿಯಾಗ ಕುಂತು ನಿಮ್ಮ ಮುಂದನ ಹೇಳೀನಲ್ಲ? ಆ ಹಳ್ಳದ ದಾರೀಲೆ ಆಡು ಸೈತ ಒಂದೊಂದ ಇಳೀತಾವು. ಚಕ್ಕಡಿ ಹೊತ್ತುಕೊಂಡು ಇಳೀಲೇನು?”

ಸಾಹೇಬ್ರು ಬರಿಯೂದು ನಿಲ್ಲಿಸಿ ನನ್ನ ನೋಡಿದ್ರು. ಅವರು ಮೈಸೂರು ಕಡೆಯವರು, ಭಾಳ ಸಂಭಾವಿತರು. ನನಗೂ ಪ್ರಶ್ನೆ ಸ್ವಲ್ಪ ಖಾರ ಆತು ಅನಿಸಿತು. ಆದ್ರ ರಾಯರ ತಂತ್ರ ಸಾಮಾನ್ಯ ಏನು? ಮೊದಲ ಬೈದು, ಆಮ್ಯಾಲ ಮುದ್ದು ಮಾಡೂ ಯೋಜನಿ ಇರಬೇಕು. ತಲಿ ಉಪಯೋಗ ಮಾಡಬ್ಯಾಡ್ರಿ ಅಂದಾರ. ಎರಡನೇದು ಓದಿದೆ.

“ನಿಂಗಪ್ಪನ ತಂದೆ ದಯಮಾಡಿ ಪರವಾನಗಿ ಕೊಟ್ಟಿದ್ದರಿಂದ ಮಾತ್ರ ನೀವು ಅಲ್ಲಿ ಹಾಯುತ್ತಿದ್ದಿರಿ. ನಿಮಗೆ ಯಾವ ಹಕ್ಕೂ ಇಲ್ಲ. ಹೌದಲ್ಲವೋ?”

“ಪರವಾನಗಿ?” ಗಂಗವ್ವ ಸೆರಗು ಸೊಂಟಕ್ಕ ಸಿಗಿಸಿದ್ಳು. “ನಿಂಗಪ್ಪನ ಅಪ್ಪ ಇನ್ನೂ ಚಡ್ಡಿ ಹಾಕ್ಕೊಂತಿದ್ದಾಗ ನಮ್ಮ ಮಾವನ ಚಕ್ಕಡಿ ಅಲ್ಲೇ ಹಾಯತಿತ್ತು. ಆ ಹುಡುಗ ನಡದು ದಣೀತಿದ್ನಂತ, ಬದುವಿನ ಮ್ಯಾಲ ಕಾಯಕೋತ ನಿಂತು ನಮ್ಮ ಚಕ್ಕಡಿ ಹತ್ತಿ ಊರಿಗೆ ಬರತಿದ್ನಂತ. ನಮ್ಮತ್ತಿ ಹೇಳಿ ಹೇಳಿ ನಗತಿದ್ಳು. ಚಡ್ಡಿ ಹುಡುಗ ಪರವಾನಗಿ ಕೊಟ್ಟಿದ್ನೇನು?”

ಆ ಕಡೆ ನಿಂಗಪ್ಪ ಮಾರಿ ತುಂಬ ನಗಾಕತ್ತಿದ್ದ. ಗೌಡ್ರು ಮಾತ್ರ ಹುಬ್ಬು ಗಂಟು ಹಾಕಿಕೊಂಡು ಏನೋ ಹುಡುಕೂವ್ರಂಗ ಕಿಸೆ ತಡವಾಡಾಕತ್ತಿದ್ರು. ನಾನು ಎಲ್ಲಿ ನಿಂದ್ರಬೇಕಿತ್ತೋ ಅಲ್ಲಿ ನಿಂದರಲಿಲ್ಲ. ಕಡೀ ಪ್ರಶ್ನೆ, ಅದೂ ಕೆಳಗ ಗೆರಿ ಹೊಡದದ್ದು, ಬೆರಳು ಎತ್ತಿ ಓದಿದೆ.

“ನೀನು ದೇವರ ಮೇಲೆ ಪ್ರಮಾಣ ಮಾಡಿ ಇದುವರೆಗೂ ಹೇಳಿದ್ದೆಲ್ಲ ಶುದ್ಧ ಸುಳ್ಳು!”

ಸಾಹೇಬ್ರು ಕನ್ನಡಕ ತಗದ್ರು.

“ಕೋರ್ಟಿಗೆ ಒಂದು ಸಣ್ಣ ಸಂಶಯ. ಈ ಸಾಕ್ಷಿ ನಿಮ್ಮವರೋ, ಎದುರು ಕಡೆಯವರೋ?”

“ನಮ್ಮವರ ಸ್ವಾಮಿ.”

“ಹಾಗಾದರೆ ಎದುರು ಕಡೆಯ ವಕೀಲರಿಗೆ ಏನಾದರೂ ಕೆಲಸ ಉಳಿಸಿದ್ದೀರಾ?”

ಬೆವರು ಒಡೀತು. ದಸ್ತಿ ತಗೋಬೇಕಂತ ಇನ್ನೊಂದು ಕಿಸೆಕ್ಕ ಕೈ ಹಾಕಿದೆ. ದಸ್ತಿ ಸಿಕ್ಕಿತು. ಮಾರಿ, ಮೂಗು, ಬಾಯಿ ಎಲ್ಲಾ ಒತ್ತಿ ಒರಸಿಕೊಂಡೆ. ಗೌಡ್ರು ನಶ್ಯ ಏರಸ್ತಿದ್ರು ಅನ್ನೂದು ಇಡೀ ಜಿಲ್ಲಾಕ್ಕ ಗೊತ್ತಿತ್ತು. ಅವರ ದಸ್ತಿ ಅಂದ್ರ ಅದೊಂದು ನಶ್ಯದ ಗೋದಾಮು ಅನ್ನೂದು ನನಗ ಆಗ ಗೊತ್ತಾತು.

ಮೊದಲನೇ ಸೀನಿಗೆ ಸಾಹೇಬ್ರ ಮುಂದಿನ ಕಾಗದ ಹಾರಿದ್ವು. ಎರಡನೇದಕ್ಕ ಕೊರಳಾಗಿನ ಬಿಳೇ ಪಟ್ಟಿ ಬೆನ್ನಿಗೆ ಹೋತು. ಆಮ್ಯಾಲ ಲೆಕ್ಕ ತಪ್ಪಿತು. ಮುಂದ ಬಗ್ಗಿ ಸೀನಿದಾಗ ಕಿಸೆದಾಗಿಂದ ಒಂದು ಹಿತ್ತಾಳಿ ಡಬ್ಬಿ ಕೆಳಗ ಬಿದ್ದು ಉರುಳಿಕೋತ ಹೋಗಿ ಗೌಡ್ರ ಕಾಲ ಹತ್ರ ನಿಂತಿತು.

“ಅವರು ಮುಗಿಸುವವರೆಗೆ ಕೋರ್ಟು ಕಾಯುತ್ತದೆ” ಅಂದ್ರು ಸಾಹೇಬ್ರು.

ಇಲ್ಲೀತನಕ ನಗೂ ಮಾತು. ಇದರ ಮುಂದಿಂದು ನೆನಸಿಕೊಂಡ್ರ ಇವತ್ತಿಗೂ ನನಗ ನಗು ಬರೂದಿಲ್ಲ. ಕಣ್ಣಾಗ ನೀರು ಸುರಿಸಿಕೋತ ತಲಿ ಎತ್ತಿ ನೋಡಿದ್ರ ಗಂಗವ್ವ ಕಟಕಟಿ ಇಳೀಯಾಕತ್ತಿದ್ಳು. ಆಕಿ ಕಣ್ಣಾಗೂ ನೀರು. ಆಕಿ ನಶ್ಯ ಸೇದಿದ್ದಿಲ್ಲ.

“ನಿಮ್ಮನ್ನೂ ಅವರು ತಮ್ಮ ಕಡೆ ಮಾಡಿಕೊಂಡ್ರೇನ್ರಿ ವಕೀಲರ? ನಾ ಸುಳ್ಳು ಹೇಳತೇನೇನು? ಊರಾಗ ಎಲ್ಲಾರೂ ಅಂದಿದ್ರು, ಕೋರ್ಟಿಗೆ ಹೋಗಬ್ಯಾಡ ಗಂಗವ್ವಾ, ಬಡವರ ಕಡೆ ಯಾರೂ ಇರೂದಿಲ್ಲ ಅಂತ. ನಾ ಕೇಳಲಿಲ್ಲ. ಸಾಕ್ರಿ ಯಪ್ಪಾ. ನನಗ ದಾರಿನೂ ಬ್ಯಾಡ, ಕೇಸೂ ಬ್ಯಾಡ. ತಲಿಮ್ಯಾಲ ಹೊತ್ತುಕೊಂಡು ಬಿತ್ತತೇನಿ.”

ಹಂಗಂದಾಕಿ ಬಾಗಿಲ ಕಡೆ ನಡದ್ಳು. ನಾನು ಬಾಯಿ ತಗದೆ, ಮತ್ತೊಂದು ಸೀನು ಬಂತು. ಆಕಿ ಹೊಸ್ತಲ ದಾಟಿದ್ರ ದಾವಾ ವಜಾ ಆಗತಿತ್ತು. ನಿಂಗಪ್ಪ ಹಿಂದಿಂದ ಗೌಡ್ರ ತೋಳು ಜಗ್ಗಿ, “ಸುಮ್ಮ ಕುಂಡ್ರಿ ಗೌಡ್ರ, ಹೋಗಲಿ ಬಿಡ್ರಿ” ಅಂದದ್ದು ನನಗೂ ಕೇಳಿಸ್ತು. ಖರೇ ಹೇಳಬೇಕಂದ್ರ ಗೌಡ್ರು ಸುಮ್ಮ ಕುಂತಿದ್ರೂ ಯಾರೂ ಅವರನ್ನ ತಪ್ಪು ಅಂತಿದ್ದಿಲ್ಲ. ಎದುರಿನ ಹುಡುಗ ತಾನ ಗುಂಡಿ ತೋಡಿಕೊಂಡು ತಾನ ಬಿದ್ದಿದ್ದ.

ಗೌಡ್ರು ನಿಂಗಪ್ಪನ ಕೈ ಮೆಲ್ಲಕ ಬಿಡಿಸಿ, ಡಬ್ಬಿ ಹಿಡಕೊಂಡು ಎದ್ದು ನಿಂತ್ರು.

“ತಂಗೀ ಗಂಗವ್ವಾ, ನಿಂದ್ರು. ಹೋಗಬ್ಯಾಡ. ನಿನ್ನ ವಕೀಲರು ನಿನ್ನವರ ಅದಾರ. ಕೋಟು ಮಾತ್ರ ನಂದು.”

ಆಮ್ಯಾಲ ಸಾಹೇಬ್ರ ಕಡೆ ತಿರುಗಿದ್ರು. “ಸ್ವಾಮಿ, ನನ್ನ ಮಿತ್ರರು ಓದಿದ ಪ್ರಶ್ನೆ ನಾನು ಪಾಟೀಸವಾಲಿಗೆ ಬರಕೊಂಡು ಬಂದದ್ದು. ಗಡಿಬಿಡಿಯಾಗ ಕೋಟು ಅದಲಿ ಬದಲಿ ಆಗ್ಯಾವು. ಸಾಕ್ಷಿ ಬೇಕಂದ್ರ, ನನ್ನ ಮೈಮ್ಯಾಲಿನ ಕೋಟಿನ್ಯಾಗ ಒಂದು ಕಡಗೋಲು, ಎರಡು ಕಸಬರಿಗಿ ತರಬೇಕಂತ ಯಾದಿ ಐತಿ. ಇದು ನಮ್ಮ ಮನಿಯಾಕಿ ಅಕ್ಷರ ಅಲ್ಲ. ಇದರ ಜೋಡಿ ಇನ್ನೊಂದು ಮಡಚಿದ ಹಾಳಿ ಐತಿ. ಅದನ್ನ ನಾನು ಬಿಚ್ಚಿಲ್ಲ. ತಪ್ಪು ಯಾರದೂ ಅಲ್ಲ. ಇಲ್ಲೀತನಕ ಕೇಳಿದ್ದನ್ನ ಬಿಟ್ಟು, ಅವರು ಮೊದಲಿಂದ ಕೇಳಲಿ ಅಂತ ನನ್ನ ವಿನಂತಿ.”

ತಪ್ಪು ಯಾರದೂ ಅಲ್ಲ ಅಂದ್ರು. ನನ್ನ ಕೋಟು ಅವರ ಕೋಟಿನ ಬಾಜೂ ಇರಬಾರದಂತ ನಾನ ಸಾಗಿಸಿದ್ದು ಅವರು ನೋಡಿದ್ರು. ಆ ಮಾತು ಮಾತ್ರ ಅವರ ಬಾಯಾಗ ಬರಲಿಲ್ಲ.

ಸಾಹೇಬ್ರು ಬರದಿದ್ದನ್ನ ಹೊಡದು ಹಾಕಿ, “ಕೋರ್ಟು ಐದು ನಿಮಿಷ ಕಿಟಕಿಯ ಹೊರಗೆ ನೋಡುತ್ತದೆ. ಅಷ್ಟರಲ್ಲಿ ಉಭಯ ಪಕ್ಷದ ವಕೀಲರು ತಮ್ಮ ತಮ್ಮ ಕೋಟಿಗೆ ಹಿಂದಿರುಗಬಹುದು” ಅಂದ್ರು. ಖರೇನ ಕಿಡಕಿ ಕಡೆ ಮಾರಿ ತಿರುವಿ ಕುಂತ್ರು. ಅವರ ಹೆಗಲು ಮಾತ್ರ ಭಾಳ ಹೊತ್ತು ಕುಣದವು.

ಗಂಗವ್ವ ತಿರುಗಿ ಬಂದ್ಳು. ರಾಯರ ಹಾಳಿ ನೋಡಿ ನಾನು ಕೇಳಿದೆ. ಹೊಲ ಯಾವಾಗಿಂದ ಐತಿ, ಚಕ್ಕಡಿ ಎಲ್ಲಿ ಹಾಯತಿತ್ತು, ಮುಳ್ಳು ಯಾವಾಗ ಬಡದ್ರು. ಎಲ್ಲಾ ಸಣ್ಣ ಸಣ್ಣ ಪ್ರಶ್ನೆ. ಆಕಿ ಸೆರಗಿನ್ಯಾಗ ಕಣ್ಣು ಒರಸಿಕೊಂಡು ಹೇಳಿದ್ಳು.

ಗೌಡ್ರ ಪಾಟೀಸವಾಲು ಬಂತು. ಹಳ್ಳದ ದಾರಿ ಕೇಳಿದ್ರು, ಪರವಾನಗಿ ಕೇಳಿದ್ರು. ತಮ್ಮ ಪಕ್ಷಗಾರನ ಸಲುವಾಗಿ ಏನು ಕೇಳಬೇಕೋ ಒಂದೂ ಬಿಡಲಿಲ್ಲ. ಆದ್ರ ಪ್ರತಿ ಪ್ರಶ್ನೆಗೂ “ತಂಗೀ” ಅಂತಿದ್ರು. ಗಂಗವ್ವ ಆಡಿನ ಮಾತು, ಚಡ್ಡಿ ಹುಡುಗನ ಮಾತು ಮತ್ತ ಹೇಳಿದ್ಳು, ಈ ಸಲ ಸಮಾಧಾನದಿಂದ. ಸಾಹೇಬ್ರು ಪ್ರತಿಯೊಂದನ್ನೂ ಬರಕೊಂಡ್ರು. ಗೆರಿ ಹೊಡದಿದ್ದ ಕಡೀ ಪ್ರಶ್ನೆ ಗೌಡ್ರು ಕೇಳಲೇ ಇಲ್ಲ. ಹಾಳಿ ಮಡಚಿ ಕುಂತುಬಿಟ್ರು.

ಹೊರಗ ಬಂದ ಮ್ಯಾಲ ಅವರು ನಿಂಗಪ್ಪನ್ನ ಬೇವಿನ ಗಿಡದ ಕೆಳಗ ಕರಕೊಂಡು ಹೋದ್ರು. ನಾನು ಬೇಕಂತಲೇ ದೂರ ನಿಂತೆ, ಆದ್ರ ಗೌಡ್ರ ದನಿ ದೊಡ್ಡದು.

“ನಿಂಗಪ್ಪಾ, ನಿಮ್ಮಪ್ಪ ಆಕಿ ಮಾವನ ಚಕ್ಕಡಿ ಹತ್ತಿ ಊರಿಗೆ ಬರತಿದ್ದ ಅಂತಲ್ಲೋ. ಖರೇ ಏನು?”

ನಿಂಗಪ್ಪ ಕಾಲಿನ ಹೆಬ್ಬೆರಳಿನಿಂದ ನೆಲ ಕೆದರಿಕೋತ ನಿಂತ. “ನಮ್ಮವ್ವನೂ ಹಂಗ ಅಂತಿದ್ಳ್ರಿ” ಅಂದ.

“ನನಗ ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲರಿ.”

“ಕೇಸು ನೀ ಹೇಳಿದಂಗ ನಡಸ್ತೇನಿ, ಅದು ನನ್ನ ಕೆಲಸ. ಆದ್ರ ಸೋಲತೀ ಅಂತ ಹೇಳೂದೂ ನನ್ನ ಕೆಲಸನ. ಮುಳ್ಳು ತಗದ್ರ ನಿನಗೇನು ಹಾನಿ ಐತಿ, ಹೇಳು ನೋಡೋಣ.”

ನಿಂಗಪ್ಪ ಮುಳ್ಳು ತಗೀತೇನಿ ಅಂತ ಒಪ್ಪಿಕೊಂಡ. ಆದ್ರ ಎರಡು ಕರಾರು ಹಾಕಿದ. ಚಕ್ಕಡಿ ಬದುವು ಬಿಟ್ಟು ಬೆಳಿಯೊಳಗ ಇಳೀಬಾರದು, ತನ್ನನ್ನ ಯಾರೂ ಸೋತಾ ಅಂತ ಊರಾಗ ಅನ್ನಬಾರದು. ಎರಡಕ್ಕೂ ಗಂಗವ್ವ ಹೂಂ ಅಂದ್ಳು. ಸಾಹೇಬ್ರು ಏಳೂದ್ರೊಳಗ ರಾಜಿ ಅರ್ಜಿ ಬರದು ಕೊಟ್ವಿ. ಗೌಡ್ರು ಹೇಳಿದ್ರು, ನಾನು ಬರದೆ. ನನ್ನ ವಕೀಲಿಯ ಮೊದಲನೇ ಕೇಸು ಎದುರಿನ ವಕೀಲರು ಹೇಳಿಕೊಟ್ಟಂಗ ಬರದು ಮುಗಿಸಿದೆ.

ಗಂಗವ್ವ ಹೋಗೂ ಮುಂದ ನನ್ನ ಹತ್ರ ಬಂದು, “ಸಿಟ್ಟಿಗೆ ಏನೇನ ಅಂದೆ, ಮನಸ್ಸಿನ್ಯಾಗ ಇಟ್ಟುಕೋಬ್ಯಾಡ್ರಿ ವಕೀಲರ. ಈಗರ ಅವರ ಜೋಡಿ ಉಣ್ರಿ” ಅಂದ್ಳು. ನಾನು ಮಾರಿ ತಿರುವಿ ಕಣ್ಣು ಒರಸಿಕೊಂಡೆ. ಈ ಸಲ ಅದಕ್ಕ ನಶ್ಯ ಕಾರಣ ಇದ್ದಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಗೌಡ್ರು ನಮ್ಮಾಕಿ ಯಾದಿ ಕೈಯಾಗ ಹಿಡಕೊಂಡು, “ನಡೀರಿ, ಇದು ನನ್ನ ಸುಪರ್ದಿಗೆ ಬಂದ ದಸ್ತಾವೇಜು” ಅಂತ ಪ್ಯಾಟಿಗೆ ಎಳಕೊಂಡು ಹೋದ್ರು. ಹುಣಸಿಹಣ್ಣು ಮುರದು ಮೂಸಿ, ಕಡಗೋಲು ಅಂಗೈಯಾಗ ತಿರುವಿ, ಒಂದೊಂದೂ ಆರಿಸಿದ್ರು. ಕಡೀಕ ಬಸ್ಸಿನ್ಯಾಗ ಅವರು ಕಿಡಕಿ ಹತ್ರ, ನಾನು ಬಾಜೂ, ನಡುವ ಎರಡು ಕಸಬರಿಗಿ. ಬೆಳಿಗ್ಗೆ ನನ್ನ ಹೆಸರ್ಲೆ ತಂದಿದ್ದ ಎರಡು ರೊಟ್ಟಿ ಹಂಗ ಇಟ್ಟಿದ್ರು. ಮಡಚಿ ಎಣಗಾಯಿ ಹಚ್ಚಿ ಕೈಯಾಗ ಕೊಟ್ರು. ತಿಂದೆ. ಅಂಥಾ ರೊಟ್ಟಿ ಮತ್ತ ತಿಂದಿಲ್ಲ.

“ಗೌಡ್ರ, ಕಡೀ ಪ್ರಶ್ನೆ ಯಾಕ ಬಿಟ್ರಿ?”

“ಸುಳ್ಳು ಹೇಳತೀ ಅಂತ ನೀವು ಅಂದಾಗ ಆಕಿ ಮಾರಿ ನೋಡಿದೆ. ಸುಳ್ಳು ಹೇಳಾವರ ಮಾರಿ ಹಂಗ ಆಗೂದಿಲ್ಲ. ಗೊತ್ತಾದ ಮ್ಯಾಲ ಹೆಂಗ ಕೇಳೂದು?” ಅಂದ್ರು. ಆಮ್ಯಾಲ ಕೇಳಿದ್ರು, “ಅಂಗಡಿಯವರ, ಆ ಹಾಳಿ ತಿರುವಿ ಹಿಂದ ನೋಡಿದ್ರೇನು?”

“ಇಲ್ಲರಿ.”

“ನನ್ನ ಕೇಸು ಎಲ್ಲೆಲ್ಲಿ ಕಚ್ಚಾ ಐತಿ ಅಂತ ಪೂರಾ ಹಿಂದ ಬರದಿದ್ದೆ. ಒಂದ ಸಲ ತಿರುವಿದ್ರ ಅಲ್ಲೇ ನನ್ನ ಮಲಗಿಸಬಹುದಿತ್ತು. ನಿಮ್ಮ ವಯಸ್ಸಿನ್ಯಾಗ ಇಂಥಾ ಪ್ರಾಮಾಣಿಕತನ ಭಾಳ ದೊಡ್ಡದು” ಅಂದ್ರು.

ನಾನು ತಲಿ ಬಗ್ಗಿಸಿದೆ. ಅವರು ಅದನ್ನ ವಿನಯ ಅಂತ ತಿಳಕೊಂಡ್ರು. ಖರೇ ಸಂಗತಿ ಏನಂದ್ರ, ಹಾಳಿಗೆ ಹಿಂದೊಂದು ಬಾಜೂ ಇರತೈತಿ ಅನ್ನೂದು ಆ ಹೊತ್ತಿನ್ಯಾಗ ನನ್ನ ತಲಿಗೆ ಹೊಳದಿದ್ದಿಲ್ಲ.

ಮನಿಗೆ ಬಂದು ಯಾದಿ ಪ್ರಕಾರ ಎಲ್ಲಾ ಇಟ್ಟೆ. ಶಾಂತಾ ಹುಣಸಿಹಣ್ಣು ನೋಡಿದ್ಳು, ಕಡಗೋಲು ನೋಡಿದ್ಳು, ನನ್ನ ನೋಡಿದ್ಳು.

“ಖರೇ ಹೇಳ್ರಿ, ಇದನ್ನ ಯಾರು ಆರಿಸಿದ್ರು?”

ಕಥಿ ಎಲ್ಲಾ ಹೇಳಿದೆ. ಕೇಳಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕು, “ಇನ್ನ ಮ್ಯಾಲ ಯಾದಿ ಅವರ ಕೋಟಿನ್ಯಾಗನ ಇಡತೇನಿ” ಅಂದ್ಳು. ಅಂಗಡಿಯಾಗ ನಮ್ಮಪ್ಪ ಕೇಳಿ ನಗಲಿಲ್ಲ. “ಅರಿವಿ ಮುಟ್ಟಿದ್ರೂ ತಿಳೀಲಿಲ್ಲೇನೋ?” ಅಂತ ಎರಡು ದಿನ ನನ್ನ ಜೋಡಿ ಮಾತು ಬಿಟ್ಟ. ಮಳಿಗೆ ಮುಂಚೆ ಗಂಗವ್ವನ ಚಕ್ಕಡಿ ಹೊಲಕ್ಕ ಹೋತು ಅಂತ ಡೋಣಿಯಿಂದ ಖಬರ ಬಂದ ದಿನ ಮಾತ್ರ ಅಪ್ಪ ತಾನಾಗೇ ಕರದು ಚಹಾ ಕುಡಿಸಿದ.

ಗೌಡ್ರು ನನ್ನ ಪ್ರಾಮಾಣಿಕತನದ ಕಥಿಯನ್ನ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲಾ ಕಡೆ ಹೇಳಿಕೋತ ಅಡ್ಡಾಡಿದ್ರು. ಕೋಟು ಅದಲಿ ಬದಲಿ ಆಗಿದ್ದು ಸಣ್ಣದು ಮಾಡಿ, ಹಾಳಿ ತಿರುವದ ಇದ್ದದ್ದು ದೊಡ್ಡದು ಮಾಡಿ ಹೇಳ್ತಿದ್ರು. “ಅಂಗಡಿ ವಕೀಲರಾ? ಅವರು ಎದುರಿನವರ ಕಾಗದ ತಿರುವಿ ನೋಡೂವ್ರಲ್ಲ” ಅಂತ ಜನಾ ನಂಬಿ ಕೇಸು ಕೊಡಾಕತ್ರು. ಆ ಹೆಸರು ನನ್ನ ಕೊರಳಿಗೆ ಬಿತ್ತು. ಎಷ್ಟೋ ಸಲ ಎದುರಿನವರ ಕಾಗದದ ಗಂಟು ಬಾಯಿ ತಕ್ಕೊಂಡು ಮುಂದ ಬಿದ್ದಿರತಿತ್ತು. ಆ ಹೆಸರಿನ ಸಲುವಾಗಿ ಮಾರಿ ಆ ಕಡೆ ತಿರುವತಿದ್ದೆ.

ಹತ್ತು ವರ್ಷ ಹಿಂಗ ಹೋತು. ಗೌಡ್ರು ವಕೀಲಿ ಬಿಟ್ಟು ಮನಿಯಾಗ ಕುಂತ್ರು. ಮೊಣಕಾಲು ನೋವು. ಒಂದು ದಿನ ಸಂಜಿಮುಂದ ಅವರ ಮನಿಗೆ ಹೋದೆ. ಸುಳ್ಳು ಕೀರ್ತಿ ಹೊತ್ತು ಹೊತ್ತು ಬ್ಯಾಸರಾಗಿತ್ತು. ಕೈ ಜೋಡಿಸಿ ಹೇಳಿಬಿಟ್ಟೆ.

“ಗೌಡ್ರ, ಒಂದು ತಪ್ಪೊಪ್ಪಿಗಿ ಐತಿ. ಅವತ್ತ ನಾನು ಹಾಳಿ ತಿರುವದ ಇದ್ದದ್ದು ಪ್ರಾಮಾಣಿಕತನಕ್ಕ ಅಲ್ಲರಿ. ತಿರುವಬೇಕಂತ ಹೊಳೀಲೇ ಇಲ್ಲ.”

ಗೌಡ್ರು ಒಂದು ಚಿಟಿಕಿ ನಶ್ಯ ಏರಿಸಿದ್ರು. “ಗೊತ್ತೈತಿ.”

“ಗೊತ್ತೈತಿ?”

“ಅಷ್ಟು ಸೀನೂ ಮನುಷ್ಯಾಗ ಹಾಳಿ ತಿರುವಾಕ ಪುರುಸೊತ್ತೆಲ್ಲಿ? ಅವತ್ತ ನಿಮ್ಮ ಮಾರಿ ನೋಡಿದೆ. ಈ ಹುಡುಗ ಇನ್ನ ಕೋರ್ಟಿಗೆ ಕಾಲಿಡೂದಿಲ್ಲ ಅನಿಸ್ತು. ಕೋಟು ತಪ್ಪಿಸಿಕೊಂಡ ವಕೀಲ ಅಂತ ಹೆಸರು ಬಂದಿದ್ರ ನೀವು ಸೀದಾ ಅಂಗಡಿಗೆ ಹೋಗಿ ಅರಿವಿ ಹರಕೋತ ಕುಂಡ್ರತಿದ್ರಿ. ಅದಕ್ಕ ಬ್ಯಾರೆ ಹೆಸರು ಇಟ್ಟೆ. ಆ ಹೆಸರು ನೀವು ಇಲ್ಲೀತನಕ ಕಾಯ್ದುಕೊಂಡು ಬಂದೀರಿ. ಅಂದ ಮ್ಯಾಲ ಅದು ಸುಳ್ಳು ಹೆಂಗ ಆತು?”

ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹತ್ತು ವರ್ಷ ಈ ಮನುಷ್ಯಾ ನನ್ನ ಮರ್ಯಾದಿ ಹೊತ್ತುಕೊಂಡು ಊರೂರು ತಿರಗ್ಯಾರಲ್ಲ ಅಂತ ಎದಿ ತುಂಬಿ ಬಂತು. ಕಣ್ಣು ಒರಸಿಕೋತ, ಇನ್ನಾದರೂ ಇವರಿಗೆ ತಕ್ಕ ಮನುಷ್ಯ ಆಗಬೇಕಂತ ನಿಶ್ಚಯ ಮಾಡಿ, ಗಂಭೀರವಾಗಿ ಪಾವಟಿಗಿ ಇಳದು ಓಣಿಯಾಗ ಹತ್ತು ಹೆಜ್ಜಿ ನಡದಿದ್ದೆ. ಹಿಂದ ಬಾಗಿಲದಾಗಿಂದ ಗೌಡ್ರ ದನಿ ಕೇಳಿತು.

“ಅಂಗಡಿಯವರ, ಚಪ್ಪಲಿ ನನ್ನವು.”